ಕಿಟಕಿ ಕಟ್ಟೆಯ ಮೇಲಿನ ಸಮುದ್ರ

ನಮ್ಮ ಮನೆಗೆ ಇದ್ದದ್ದು ಒಂದೇ ಕಿಟಕಿ. ವಾಡಿ ಜಂಕ್ಷನ್ನಿನಲ್ಲಿ ಕೆಳಗಿನ ನೌಕರರಿಗೆ ಕೊಡುತ್ತಿದ್ದ ರೈಲ್ವೆ ಕ್ವಾರ್ಟರ್ಸು ಎಂದರೆ ಒಂದು ಕೋಣೆ, ಅದರ ಹಿಂದೆ ಒಬ್ಬರು ಕುಳಿತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದಂಥ ಅಡುಗೆಮನೆ, ಅದರ ಹಿಂದೆ ಗೋಡೆ ಸುತ್ತಿದ ಅಂಗೈಯಗಲದ ಹಿತ್ತಲು. ಗೋಡೆ ಶಹಾಬಾದಿನ ಕಲ್ಲು, ನೆಲ ಶಹಾಬಾದಿನ ಫರ್ಸಿ, ಮಾಳಿಗೆಗೂ ಅದೇ ಕಲ್ಲು. ಬೇಸಿಗೆಯಲ್ಲಿ ಆ ಕಲ್ಲುಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ನಮ್ಮ ಮೇಲೆ ಬಿಡುತ್ತಿದ್ದವು. ಗೋಡೆ ದಪ್ಪವಿದ್ದುದರಿಂದ ಒಂದೇ ಒಂದು ಉಪಕಾರವಾಗಿತ್ತು: ಕಿಟಕಿಯ ಒಳಗಡೆ ಒಂದು ಮೊಳ ಅಗಲದ ಕಟ್ಟೆ ಉಳಿದಿತ್ತು. ಆ ಕಟ್ಟೆ ನನ್ನದು. ಮೊಣಕಾಲು ಮಡಚಿ, ಬೆನ್ನು ಒಂದು ಗೋಡೆಗೆ, ಪಾದ ಇನ್ನೊಂದು ಗೋಡೆಗೆ ಒತ್ತಿ ಕುಳಿತರೆ ನನ್ನಷ್ಟು ಹುಡುಗನಿಗೆ ಸರಿಯಾಗಿ ಹಿಡಿಯುತ್ತಿತ್ತು. ನನಗೆ ಅಲ್ಲಿಯ ಬೆಳಕು ಬೇಕಾಗಿತ್ತು. ನಿಜಾಮನ ಸರ್ಕಾರ ಇದ್ದಾಗ ಶಾಲೆಯಲ್ಲಿ ಉರ್ದು ಕಲಿಸಿದ್ದರು. ಸರ್ಕಾರ ಹೋಯಿತು, ಅದರ ಹಿಂದೆ ಉರ್ದುವೂ ಹೋಯಿತು. ಬಲಗಡೆಯಿಂದ ಎಡಗಡೆಗೆ ಓಡಿ ರೂಢಿಯಾಗಿದ್ದ ನನ್ನ ಕೈ ಎಡಗಡೆಯಿಂದ ಬಲಗಡೆಗೆ ನಡೆಯುವುದನ್ನು ಕಲಿಯಬೇಕಾಯಿತು. ನನಗಿಂತ ಗೇಣುದ್ದ ಸಣ್ಣವರ ಜೊತೆ ಕೂಡಿಸಿದರು. ಅವರನ್ನು ಹಿಂದೆ ಹಾಕಬೇಕು, ನನ್ನ ಸರಿಕರ ಸಾಲಿಗೆ ಹೋಗಿ ಕೂಡಬೇಕು ಎಂಬ ಹಟದಲ್ಲಿ ಆ ಕಟ್ಟೆಯ ಮೇಲೆ ಕುಳಿತು ಕನ್ನಡ ಅಕ್ಷರಗಳನ್ನು ತಿದ್ದುತ್ತಿದ್ದೆ.

ಅಪ್ಪನದು ಇಂಜಿನ್ನಿಗೆ ನೀರು ಕುಡಿಸುವ ಕೆಲಸ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಆನೆಯ ಸೊಂಡಿಲಿನಂಥ ಕಬ್ಬಿಣದ ಕೊಳವೆ ಇತ್ತು. ಇಂಜಿನ್ ಬಂದು ಅದರ ಕೆಳಗೆ ನಿಂತರೆ ಅಪ್ಪ ಸೊಂಡಿಲನ್ನು ತಿರುಗಿಸಿ ನೀರು ಬಿಡಬೇಕು. ನಾವು ಚಿತ್ತಾಪುರದ ಆಚೆ ಕಾಗಿಣಾ ದಂಡೆಯ ಜನ, ದೋಣಿ ನಡೆಸಿ ಬಲೆ ಬೀಸಿ ಬದುಕಿದವರು. ನದಿ ಬಿಟ್ಟು ಬಂದರೂ ನಮಗೆ ನೀರಿನ ಕೆಲಸವೇ ಸಿಕ್ಕಿತು ಎಂದು ಆಯಿ, ಅಂದರೆ ಅಪ್ಪನ ತಾಯಿ, ನಗುತ್ತಿದ್ದಳು. ಕೊಳವೆಗೆ ಬರುತ್ತಿದ್ದುದೂ ಕಾಗಿಣಾ ನೀರೇ. ಊರಿನ ಬಾವಿಯ ನೀರಲ್ಲಿ ಸುಣ್ಣ ಜಾಸ್ತಿ, ಇಂಜಿನ್ನಿಗೆ ಆಗುವುದಿಲ್ಲ. ಮನುಷ್ಯರಿಗೆ ಆಗುತ್ತದೆ ಎಂದು ಆ ನೀರನ್ನು ನಮ್ಮ ಮನೆಗಳಿಗೆ ಬಿಟ್ಟಿದ್ದರು. ಅಪ್ಪನ ಪಾಳಿ ಒಮ್ಮೆ ಹಗಲು, ಒಮ್ಮೆ ರಾತ್ರಿ. ಹಗಲು ಅವನು ಮಲಗಿದರೆ ನಾವೆಲ್ಲ ಕಾಲಬೆರಳ ಮೇಲೆ ನಡೆಯಬೇಕು. ಅವ್ವ ರೊಟ್ಟಿ ಬಡಿಯುವುದನ್ನೂ ಮೆಲ್ಲಗೆ ಬಡಿಯುತ್ತಿದ್ದಳು. ಆ ಮನೆಯ ನೆನಪು ಬಂದಾಗ ನನಗೆ ಮೊದಲು ನೆನಪಾಗುವುದು ಯಾರದೋ ಮುಖವಲ್ಲ, ಯಾವಾಗಲೂ ಯಾರೋ ಒಬ್ಬರು ನಿದ್ದೆ ಸಾಲದೆ ಗೋಡೆಗೆ ಒರಗಿ ಕುಳಿತಿರುತ್ತಿದ್ದುದು.

ಇಂಥ ಮನೆಗೆ ಕಾಕಾ ಬಂದ. ಅಪ್ಪನ ಬೆನ್ನಿಗೆ ಹುಟ್ಟಿದವನು, ಹೆಸರು ಸಾಯಬಣ್ಣ. ಮುಂಬೈ ಗೋದಿಯಲ್ಲಿ, ಅಂದರೆ ಹಡಗು ನಿಲ್ಲುವ ಕಟ್ಟೆಯಲ್ಲಿ, ಮಾಲು ಇಳಿಸುವ ಕೆಲಸಕ್ಕಿದ್ದ. ಒಂದು ಸಲ ಮಾಲಿನ ಪೆಟ್ಟಿಗೆ ಜಾರಿ ಎಡಗಾಲಿನ ಮೇಲೆ ಬಿತ್ತು. ದವಾಖಾನೆಯವರು ಕಾಲು ಉಳಿಸಿದರು, ಆದರೆ ಅದು ಮಡಚಲೂ ಬಾರದ ಊರಲೂ ಬಾರದ ಕಟ್ಟಿಗೆಯಾಗಿ ಉಳಿಯಿತು. ದೀಪಾವಳಿಯ ಹೊತ್ತಿಗೆ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ರೈಲಿನಿಂದ ಇಳಿದ. ಎತ್ತರದ, ಮಾತಿಗೊಮ್ಮೆ ನಗುವ ಗಂಡಸು ಮುಂಬೈಗೆ ಹೋಗಿದ್ದ, ಬಂದವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಹಿತ್ತಲಿಗೆ ಹೋಗುವುದು ಬಿಟ್ಟರೆ ಹೊಸ್ತಿಲು ದಾಟಲಿಲ್ಲ. ಮಾತಿಲ್ಲ. ರೊಟ್ಟಿ ಪುಂಡಿಪಲ್ಯ ಮುಂದಿಟ್ಟರೆ ಅರ್ಧ ತಿಂದು ತಾಟು ಸರಿಸುತ್ತಿದ್ದ. ಅಪ್ಪ ಸ್ಟೇಷನ್ನಿನಲ್ಲಿ ಅವರಿವರ ಕೈಕಾಲು ಹಿಡಿದು ಅವನಿಗೊಂದು ಕೆಲಸ ನೋಡಿದ್ದ. ದೀಪದ ಕೋಣೆಯಲ್ಲಿ, ಸಿಗ್ನಲ್ ದೀಪಗಳ ಗಾಜು ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ತುಂಬುವ ಕೆಲಸ. ಕುಳಿತು ಮಾಡುವಂಥದು. ಅಲ್ಲಿಯ ಹಿರಿಯ ಖಾಜಾಸಾಬ ಅಪ್ಪನಿಗೆ ಒಂದೇ ಮಾತು ಹೇಳಿದ್ದ: ಮಳೆಗಾಲ ಹಿಡಿಯುವ ತನಕ ಜಾಗ ತೆರವು ಇಡುತ್ತೇನೆ, ಅಷ್ಟರೊಳಗೆ ಸಾಯಬಣ್ಣ ತಾನೇ ನಡೆದುಕೊಂಡು ಬಂದು ನನ್ನೆದುರು ನಿಲ್ಲಬೇಕು, ಹೊತ್ತು ತಂದರೆ ಸಾಹೇಬರು ಒಪ್ಪುವುದಿಲ್ಲ. ಅಪ್ಪ ದಿನಾ ಹೇಳಿದ. ಕಾಕಾ ದಿನಾ ಗೋಡೆ ನೋಡಿದ. ಒಮ್ಮೆ ಮಾತ್ರ, ಗೋಡೆಗೇ ಹೇಳುವಂತೆ, ಇಷ್ಟು ಅಂದ:

"ಪ್ಲಾಟ್‌ಫಾರ್ಮ್ ಮ್ಯಾಲ ಕುಂಟಿಕೋತ ಹೋಗ್ಲೇನು? ಎಲ್ಲಾರೂ ನೋಡ್ಲಿ ಅಂತೀಯೇನು ಅಣ್ಣ?"

ಅವನು ಏಳದಿದ್ದರೆ ಏನು ಗತಿ ಎಂಬುದು ಮನೆಯ ಎಲ್ಲರಿಗೂ ಗೊತ್ತಿತ್ತು. ಒಂದು ಕೋಣೆಯ ಮನೆಯಲ್ಲಿ ದುಡಿಯದ ಗಂಡಸು ಜಾಗ ತಿನ್ನುತ್ತಾನೆ, ಆಮೇಲೆ ತಾನು ತಿನ್ನುತ್ತಿದ್ದೇನೆ ಎಂಬ ಸಂಕಟವೇ ಅವನನ್ನು ತಿನ್ನುತ್ತದೆ. ಅದು ಶುರುವಾಗಿತ್ತು.

ಚಳಿ ಮುಗಿಯುವ ಹೊತ್ತಿಗೆ ಅಪ್ಪ ಒಂದು ಗಾಜಿನ ಪೆಟ್ಟಿಗೆ ತಂದ. ಸ್ಟೇಷನ್ನಿನ ತಂತಿ ಆಫೀಸಿನಲ್ಲಿ ಬ್ಯಾಟರಿಗೆ ಇಡುತ್ತಿದ್ದ ದಪ್ಪ ಗಾಜಿನ ಚೌಕ ಪಾತ್ರೆ. ಒಂದು ಮೊಳ ಉದ್ದ, ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲ. ಹಳೆಯದೆಂದು ಹೊರಗೆ ಎಸೆದಿದ್ದರು. ಅವ್ವನಿಗೆ ಉಪ್ಪಿನಕಾಯಿ ಹಾಕಲು ಆದೀತು ಎಂದು ಹೊತ್ತು ತಂದಿದ್ದ. ಒಳಗೆ ಆಸಿಡ್ ಇತ್ತು ಎಂದು ಗೊತ್ತಾದ ಮೇಲೆ ಅವ್ವ ಮುಟ್ಟಲಿಲ್ಲ. ಅಪ್ಪ ಅದನ್ನು ಹಿತ್ತಲಿಗೆ ಒಯ್ಯುತ್ತಿದ್ದಾಗ ಹಾಸಿಗೆಯಿಂದ ದನಿ ಬಂತು.

"ಅಣ್ಣ, ಅದನ್ನ ಒಗೀಬ್ಯಾಡ. ಅದರಾಗ ಮೀನು ಇಡಬಹುದು."

ನಾವೆಲ್ಲ ನಿಂತಲ್ಲೇ ನಿಂತೆವು. ಕಾಕಾ ಈ ಕಡೆ ಹೊರಳಿದ್ದ.

"ಎಂಥಾ ಮೀನು?" ಅಂದ ಅಪ್ಪ.

"ಸಮುದ್ರದ್ದು. ಗೋದಿಗೆ ಸೇರೋಕಿಂತ ಮೊದಲ ಒಬ್ಬ ಸೇಠನ ಬಂಗಲ್ಯಾಗ ಇದ್ದೆ ನೋಡು. ಅಲ್ಲಿ ಗಾಜಿನ ಪೆಟಗ್ಯಾಗ ಸಮುದ್ರದ ಮೀನು ಇಟ್ಟಿದ್ರು. ನಾನೇ ದಿನಾ ನೀರು ಹಾಕ್ತಿದ್ದೆ."

ಆಯಿ ಬಾಯಿಯ ಎಲೆಯಡಿಕೆ ಒಂದು ಕಡೆ ಒತ್ತಿಕೊಂಡು ಹೇಳಿದಳು: "ನಮ್ಮ ಮನಿತನದಾಗ ಮೀನು ಹಿಡದಾರ, ಮಾರ್ಯಾರ, ತಿಂದಾರ. ಸಾಕಿದವರು ಯಾರೂ ಹುಟ್ಟಿದ್ದಿಲ್ಲ. ಈಗ ಹುಟ್ಟ್ಯಾನ."

"ಎಲ್ಲಿ ಇಡ್ತೀಪಾ?" ಅಪ್ಪ ಕೇಳಿದ. "ಈ ಮನ್ಯಾಗ ಕಾಲು ಚಾಚಿದ್ರ ಇನ್ನೊಬ್ಬರ ತಲಿಗೆ ಹತ್ತತದ."

ಕಾಕಾ ಕಿಟಕಿಯ ಕಡೆ ನೋಡಿದ. ಕಿಟಕಿಯಲ್ಲಿ ನಾನಿದ್ದೆ.

"ಇದು ನನ್ನ ಜಾಗ ಅದ," ಅಂದೆ.

ಅಡುಗೆಮನೆಯಿಂದ ಅವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಏಳು ಮಲ್ಲ್ಯಾ."

"ಅವ್ವಾ, ನಾ ಎಲ್ಲಿ ಓದ್ಲಿ?"

"ನೆಲದ ಮ್ಯಾಲ ಓದು. ಬಾಗಲದಾಗ ಓದು. ದೀಪಾವಳಿಯಿಂದ ಇವ ಬಾಯಿ ಬಿಟ್ಟಿಲ್ಲ. ಇವತ್ತ ಬಿಟ್ಟಾನ. ಏಳು."

ಎದ್ದೆ. ಅವ್ವನ ಮಾತಿಗೆ ಎದುರಾಡುವ ಮನೆಯಲ್ಲ ಅದು. ಪಾಟಿ, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ನೆಲಕ್ಕೆ ಇಳಿದೆ. ಆ ಹೊತ್ತಿನಿಂದ ಆ ಪೆಟ್ಟಿಗೆಯ ಕೆಲಸಕ್ಕೆ ಹತ್ತಿದವನು ನಾನೇ. ಕಾಕಾ ಹಾಸಿಗೆಯ ಮೇಲೆ ಕುಳಿತು ಹೇಳುವುದು, ನಾನು ಮಾಡುವುದು. ಆಸಿಡ್ ಹೋಗಲೆಂದು ಬೂದಿ ಹಚ್ಚಿ, ಸೋಡಾ ಹಚ್ಚಿ, ನೀರು ತುಂಬಿ ಬಿಟ್ಟು, ಚೆಲ್ಲಿ, ಮತ್ತೆ ತುಂಬಿ, ನನ್ನ ಬೆರಳ ತುದಿಯ ಚರ್ಮ ಸುಲಿಯುವ ತನಕ ತೊಳೆದೆ. ಹಿತ್ತಾಳೆ ತಾಮ್ರ ಮುಟ್ಟಿಸಬಾರದು, ಮೀನು ಸಾಯುತ್ತವೆ ಎಂದು ಕಾಕಾ ಕಟ್ಟುನಿಟ್ಟು ಮಾಡಿದ. ತೆಂಗಿನ ಚಿಪ್ಪು, ಮಣ್ಣಿನ ಗಡಿಗೆ, ಗಾಜು, ಇಷ್ಟೇ. ಪೆಟ್ಟಿಗೆಯ ಕೆಳಗೆ ಒಂದು ಫರ್ಸಿ ಕಲ್ಲಿನ ತುಂಡು, ಬಿಸಿಲು ತಾಗದಂತೆ ಕಿಟಕಿಯ ಸರಳಿಗೆ ಒದ್ದೆ ಗೋಣಿತಟ್ಟು. ಇನ್ನು ಸಮುದ್ರ ಬರಬೇಕಿತ್ತು.

ಸಮುದ್ರ ರೈಲಿನಲ್ಲೇ ಬಂತು. ವಾಡಿಯವರಿಗೆ ಇದರಲ್ಲಿ ಆಶ್ಚರ್ಯವಿಲ್ಲ, ನಮ್ಮೂರಿಗೆ ಎಲ್ಲವೂ ರೈಲಿನಲ್ಲೇ ಬರುತ್ತಿತ್ತು. ಕಾಕಾನ ಮಾತನ್ನು ಅಪ್ಪ ಮದ್ರಾಸ್ ಮೇಲ್ ಗಾಡಿಯ ಗಾರ್ಡಿಗೆ ಹೇಳಿದ, ಆ ಗಾರ್ಡು ಸೋಲಾಪುರದಲ್ಲಿ ಇಳಿದು ಮುಂದಿನ ಗಾರ್ಡಿಗೆ ಹೇಳಿದ, ಅವನು ಮುಂಬೈಯಲ್ಲಿ ಗೋದಿಯ ಗೆಳೆಯರಿಗೆ ಮುಟ್ಟಿಸಿದ. ಹಾಗೇ ಕೈಯಿಂದ ಕೈಗೆ ಹುಲ್ಲು ಸುತ್ತಿದ ದೊಡ್ಡ ಗಾಜಿನ ಬುಡ್ಡಿಗಳು ಗಾರ್ಡ್ ಡಬ್ಬಿಯಲ್ಲಿ ಬಂದವು. ಸಮುದ್ರದ ನೀರು, ಒಂದು ಗಂಟು ಮರಳು, ಪಾಚಿ ಹಿಡಿದ ಎರಡು ಕಲ್ಲು. ಬುಡ್ಡಿಯ ಬೂಚು ತೆಗೆದಾಗ ಬಂದ ವಾಸನೆ ನಾನು ಅದುವರೆಗೆ ಮೂಸಿರಲಿಲ್ಲ. ಕಾಕಾ ಬುಡ್ಡಿಯ ಬಾಯಿಗೆ ಮೂಗು ಹಚ್ಚಿ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕುಳಿತ. ಆ ದಿನ ತಾಟು ಸರಿಸಲಿಲ್ಲ, ಇನ್ನೊಂದು ರೊಟ್ಟಿ ಕೇಳಿದ. ಅವ್ವ ನನ್ನ ಕಡೆ ನೋಡಿದಳು. ನಿನ್ನ ಕಟ್ಟೆಯ ಬೆಲೆ ಇದು ಎಂಬಂತಿತ್ತು ಆ ನೋಟ.

ಮೀನಿಗೆ ನೀರು ಇದ್ದರೆ ಸಾಲದು, ನೀರಿನಲ್ಲಿ ಗಾಳಿ ಬೆರೆಯಬೇಕು, ಅದೂ ಮೀನು ಬರುವ ಮೊದಲಿನಿಂದಲೇ, ಎಂದ ಕಾಕಾ. ಸೇಠನ ಬಂಗಲೆಯಲ್ಲಿ ಅದಕ್ಕೊಂದು ಯಂತ್ರ ಇತ್ತಂತೆ. ನಮ್ಮಲ್ಲಿ ಯಂತ್ರ ಎಂದರೆ ನಾನು. ಹೋಟೆಲಿನವರು ಚಹಾ ಆರಿಸುವ ಹಾಗೆ ಚಿಪ್ಪಿನಿಂದ ನೀರು ಎತ್ತಿ ಮೇಲಿನಿಂದ ಬಿಡಬೇಕು, ಎತ್ತಿ ಬಿಡಬೇಕು. ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ, ಊಟದ ಮೊದಲು, ಊಟದ ನಂತರ. ನಾನಿಲ್ಲದಾಗ ಆಯಿ, ಆಯಿ ಬೇಸತ್ತರೆ ಅವ್ವ. ಪಕ್ಕದ ಮನೆಯ ಶರಣಮ್ಮ ಒಂದು ಸಂಜೆ ಒಲೆಗೆ ಕೆಂಡ ಕೇಳಲು ಬಂದವಳು ನನ್ನನ್ನು ನೋಡಿದಳು. ನಾನು ನಿಂತಲ್ಲೇ ತೂಕಡಿಸುತ್ತ ನೀರೆತ್ತುತ್ತಿದ್ದೆನಂತೆ. ಅವರು ಲಿಂಗಾಯತರು, ಅವಳ ಗಂಡ ಪೋರ್ಟರ್. ನಮ್ಮ ಮನೆಯಲ್ಲಿ ಮೀನು ಬೆಂದ ದಿನ ಅವಳು ತನ್ನ ಹಿತ್ತಲ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಏನ್ರಿ ಯಕ್ಕಾ, ಹುಡುಗನ ಕೈ ಕಳಚಿ ಬೀಳ್ತದ. ಗುಡ್ಯಾಗ ಬ್ಯಾಸಗಿಗೆ ಲಿಂಗದ ಮ್ಯಾಲ ಧಾರಿ ಗಡಿಗಿ ಕಟ್ಟಂಗಿಲ್ಲೇನು? ಅಂಥಾದೊಂದು ಕಟ್ರಿ."

ಆಯಿ ಗಲ್ಲ ಬಡಿದುಕೊಂಡಳು. "ಶಿವ ಶಿವಾ! ದೇವರ ಮ್ಯಾಲ ಬಿಡೋ ಧಾರಿ ಮೀನಿನ ಮ್ಯಾಲ ಬಿಡೋದಾ?"

"ನೀವು ಇದೊಂದನ್ನ ತಿನ್ನಂಗಿಲ್ಲ ಅಂತ ಮಾತು ಕೊಡ್ರಿ ಆಯಿ, ಗಡಿಗಿ ನಾನೇ ಕೊಡ್ತೀನಿ."

"ಇನ್ನೂ ಬಂದೇ ಇಲ್ಲ, ತಿನ್ನೋ ಮಾತೆಲ್ಲಿ ಬಂತು?" ಎಂದು ಆಯಿ ನಕ್ಕಳು. ಗಡಿಗೆ ಬಂತು. ತಳದಲ್ಲಿ ಸಣ್ಣ ತೂತು, ತೂತಿನಲ್ಲಿ ಬಟ್ಟೆಯ ಬತ್ತಿ. ಕಿಟಕಿಯ ಮೇಲಿನ ಮೊಳೆಗೆ ತೂಗು ಹಾಕಿದೆವು. ತಟ್ ತಟ್ ಎಂದು ಹನಿ ಬೀಳತೊಡಗಿತು. ಗಡಿಗೆ ಬರಿದಾದಾಗ ಪೆಟ್ಟಿಗೆಯ ನೀರನ್ನೇ ತೆಗೆದು ಮತ್ತೆ ಗಡಿಗೆಗೆ ತುಂಬಿದರಾಯಿತು. ಆ ಸದ್ದು ನಿಂತರೆ ಮನೆಯಲ್ಲಿ ಯಾರಾದರೂ ಒಬ್ಬರು ಏಳಬೇಕು. ಇವತ್ತಿಗೂ ಎಲ್ಲಾದರೂ ನಲ್ಲಿ ಸೋರುತ್ತಿದ್ದು ತಟ್ಟನೆ ನಿಂತರೆ ನನಗೆ ಎಚ್ಚರವಾಗುತ್ತದೆ.

ಕಡೆಗೆ ಮೀನು ಬಂದವು. ಬುಡ್ಡಿಯಲ್ಲಿ ಹೊರಟದ್ದು ಎಷ್ಟೋ, ವಾಡಿಗೆ ಜೀವಂತ ಮುಟ್ಟಿದ್ದು ಒಂದು ಮೀನು, ಮತ್ತೆ ಶಂಖದೊಳಗೆ ಮನೆ ಮಾಡಿಕೊಂಡ ಒಂದು ಏಡಿ. ಮೀನು ನನ್ನ ಹೆಬ್ಬೆರಳಿಗಿಂತ ದೊಡ್ಡದಲ್ಲ. ಮೈಮೇಲೆ ಕಪ್ಪು ಪಟ್ಟೆಗಳು, ಬೆನ್ನಿನ ಮೇಲೆ ಹಳದಿ. ನಮ್ಮ ಕಾಗಿಣಾದಲ್ಲಿ ಇಂಥ ಬಣ್ಣದ ಮೀನು ಕಂಡವರಿಲ್ಲ. ಆಯಿ ಅದಕ್ಕೆ 'ಮುಂಬೈಯವ' ಎಂದು ಹೆಸರಿಟ್ಟಳು. ಶಂಖದ ಏಡಿ ತನ್ನ ಮನೆ ಹೊತ್ತುಕೊಂಡು ಮರಳಿನ ಮೇಲೆ ತಿರುಗುವುದನ್ನು ನೋಡಿ, "ಇದಕ್ಕ ಕ್ವಾಟರ್ಸ್ ಕೊಡೋ ಕೆಲಸ ಇಲ್ಲ ನೋಡು," ಅಂದಳು. ಎರೆಹುಳು ಹೆಚ್ಚಿ, ನದಿಯ ಸಿಗಡಿ ಜಜ್ಜಿ ಚಿಟಿಕೆ ಚಿಟಿಕೆ ಹಾಕುತ್ತಿದ್ದೆವು. ಕಾಕಾ ಹಾಸಿಗೆಯನ್ನು ಕಿಟಕಿಯ ಕೆಳಗೆ ಎಳೆದುಕೊಂಡ. ಮಾತು ಬಂತು. ಹಡಗಿನ ಮಾತು, ಗೋದಿಯ ಮಾತು, ಸೇಠನ ಬಂಗಲೆಯ ಮಾತು. ಆದರೆ ಹೊಸ್ತಿಲು ದಾಟು ಎಂದರೆ ಮಾತು ನಿಲ್ಲುತ್ತಿತ್ತು. ಗಾರ್ಡಿನಿಂದ ಬುಡ್ಡಿ ತರಲು ನಾನೇ ಹೋಗಬೇಕು. ಬೆನ್ನ ಮೇಲೆ ಸಮುದ್ರ ಹೊತ್ತು ತಂದು, ಕೈಕಾಲು ತೊಳೆದು, ನೆಲದ ಮೇಲೆ ಪಾಟಿ ಇಟ್ಟುಕೊಂಡರೆ ಅಕ್ಷರಗಳೇ ನನ್ನ ಕಣ್ಣೆದುರು ಈಜುತ್ತಿದ್ದವು. ಅಪ್ಪನೂ ದಣಿದಿದ್ದ. ಪಾಳಿ ಮುಗಿಸಿ ಬಂದು ಪೆಟ್ಟಿಗೆಯ ಎದುರು ಒಂದು ಕ್ಷಣ ನಿಲ್ಲುತ್ತಿದ್ದ.

"ಹಗಲೆಲ್ಲ ಇಂಜಿನ್ನಿಗೆ ನೀರು, ಮನಿಗೆ ಬಂದ್ರ ಇದಕ್ಕ ನೀರು. ನನಗ್ಯಾರು ಹಾಕ್ತಾರ?"

ಬೇಸಿಗೆ ಬಲಿಯಿತು. ವಾಡಿಯ ಬೇಸಿಗೆ ಅಂದರೆ ಗಾಳಿಯೇ ನಾಲಗೆ ಚಾಚಿ ನೀರು ನೆಕ್ಕುತ್ತದೆ. ಪೆಟ್ಟಿಗೆಯ ನೀರು ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ಕಾಕಾ ಗಾಜಿನ ಮೇಲೆ ಸುಣ್ಣದ ಗೆರೆ ಎಳೆಸಿದ್ದ, ಆ ಗೆರೆಗೆ ಸರಿಯಾಗಿ ದಿನಾ ಬುಡ್ಡಿಯ ಸಮುದ್ರದ ನೀರು ಹಾಕಿಸುತ್ತಿದ್ದ. ಸಮುದ್ರ ಕಡಿಮೆಯಾದರೆ ಸಮುದ್ರವನ್ನೇ ಹಾಕಬೇಕು, ಇದು ಅವನ ಲೆಕ್ಕ. ನಮಗೂ ಸರಿ ಅನ್ನಿಸಿತ್ತು. ನದಿಯ ಜನ ನಾವು, ನೀರು ಬತ್ತುವುದನ್ನು ಬಲ್ಲೆವು, ಉಪ್ಪಿನ ನೀರು ಬತ್ತುವುದನ್ನು ಬಲ್ಲವರಲ್ಲ. ಮೊದಲು ಶಂಖದ ಏಡಿ ಒಂದು ಮುಂಜಾನೆ ಅರ್ಧ ಹೊರಬಂದು ಹಾಗೇ ಉಳಿಯಿತು. ಆಯಿ ಶಂಖವನ್ನು ತೊಳೆದು ದೇವರ ಗೂಡಿನಲ್ಲಿಟ್ಟಳು. ಆಮೇಲೆ ಮೀನಿನ ಹಳದಿ ಮಾಸಿತು. ಎರೆಹುಳು ಹಾಕಿದರೆ ಬಾಯಿ ತೆರೆಯಲಿಲ್ಲ, ಮೂಲೆಯ ಕಲ್ಲಿಗೆ ಒತ್ತಿಕೊಂಡು ಕಿವಿರು ಬಡಿಯುತ್ತ ನಿಂತಿತು. ಕಾಕಾ ತಾಟು ಸರಿಸತೊಡಗಿದ. ಹಾಸಿಗೆಯನ್ನು ಹಳೆಯ ಗೋಡೆಯ ಕಡೆ ತಿರುಗಿಸಿಕೊಂಡ. ಮಳೆಗಾಲ ದೂರವಿರಲಿಲ್ಲ. ಖಾಜಾಸಾಬ ಅಪ್ಪನನ್ನು ಎರಡು ಸಲ ಕೇಳಿದ್ದ. ಅವ್ವ ಮೀನಿನ ಎದುರು ನಿಂತು, ಮನುಷ್ಯರಿಗೆ ಹೇಳುವ ಹಾಗೆ, "ಸಾಯಬ್ಯಾಡಪ್ಪಾ," ಅಂದದ್ದು ನನಗೆ ಕೇಳಿಸಿತ್ತು.

ಒಂದು ಮುಂಜಾನೆ ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ರೊಟ್ಟಿಗೆ ಕುಳಿತಿದ್ದ. ನಾನು ಶಾಲೆಗೆ ಹೊರಟಿದ್ದೆ. ಆಯಿ ಪೆಟ್ಟಿಗೆಯ ಅಂಚಿನಲ್ಲಿ ಕಟ್ಟಿದ್ದ ಬಿಳಿಯ ಪದರನ್ನು ಉಗುರಿನಿಂದ ಕೆರೆದು, ಬೆರಳನ್ನು ನೀರಿಗೆ ಅದ್ದಿ ನಾಲಗೆಗೆ ಹಚ್ಚಿಕೊಂಡಳು. ಮುಖ ಸಿಂಡರಿಸಿದಳು.

"ಇದು ಸಮುದ್ರ ಅಲ್ಲೋ ಸಾಯಬಣ್ಣ. ಉಪ್ಪಿನಕಾಯಿ. ಅವನನ್ನ ಉಪ್ಪಿನಕಾಯಿ ಹಾಕ್ಲಿಕತ್ತೀರಿ ನೀವು."

"ಸುಮ್ನಿರು ಅವ್ವಾ," ಕಾಕಾ ಗೋಡೆಯ ಕಡೆಯಿಂದಲೇ ತಾಯಿಗೆ ಅಂದ. "ಮುಂಬೈದಾಗ ದಿನಾ ಸಮುದ್ರದ ನೀರೇ ಹಾಕ್ತಿದ್ದೆ ನಾ. ನಿನಗೇನು ಗೊತ್ತದ?"

ಅಪ್ಪ ತುತ್ತು ಅಗಿಯುವುದನ್ನು ನಿಲ್ಲಿಸಿದ. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

"ಬಾಯ್ಲರ್," ಅಂದ.

"ಏನು?"

"ಇಂಜಿನ್ನಿನ ಬಾಯ್ಲರ್‌ದಾಗ ಹಿಂಗೇ ಆಗ್ತದ. ನೀರು ಉಗಿ ಆಗಿ ಹೋಗ್ತದ, ಅದರಾಗಿನ ಸುಣ್ಣ ಹೋಗಂಗಿಲ್ಲ, ಒಳಗೇ ಕುಂದರ್ತದ. ನಾವು ಮ್ಯಾಲ ಮ್ಯಾಲ ನೀರು ಹಾಕ್ತೀವಿ, ಸುಣ್ಣ ಇನ್ನೂ ದಪ್ಪ ಆಗ್ತದ. ಅದಕ್ಕೇ ಡ್ರೈವರ್ ಆಗಾಗ ತಳದಾಗಿಂದು ಒಂದಿಷ್ಟು ಭುಸ್ಸಂತ ಹೊರಗ ಬಿಡ್ತಾನ. ನಿಮ್ಮ ಸೇಠನ ಮನ್ಯಾಗ ತೆಗಿತಿದ್ದಿಲ್ಲೇನು? ಬರೇ ಹಾಕೋದೇ ಇತ್ತೇನು?"

ಕಾಕಾ ಗೋಡೆಯಿಂದ ಈ ಕಡೆ ಹೊರಳಿದ. ಅವನ ಮುಖದಲ್ಲಿ ಬಂದದ್ದು ನಾಚಿಕೆಯೋ ಸಿಟ್ಟೋ ಹೇಳಲಾರೆ.

"ತೆಗಿಯಾವ ಬ್ಯಾರೇ ಇದ್ದ, ಅಣ್ಣ. ಮುಂಜಾನಿ ಅವ ಬಂದು ಅರ್ಧ ತೆಗದು ಹೋಗ್ತಿದ್ದ. ನಾ ಬಂದು ಹಾಕ್ತಿದ್ದೆ. ಇಬ್ಬರೂ ಕೂಡಿದ್ದೇ ಇಲ್ಲ. ನಾ ನನ್ನ ಕೆಲಸ ಅಷ್ಟೇ ಕಲ್ತೆ."

"ಮತ್ತೇನು? ಈಗ ಅರ್ಧ ತೆಗೀರಿ, ಸೀನೀರು ಹಾಕ್ರಿ," ಅಂದಳು ಆಯಿ. "ಈ ಬಾವಿ ಸುಣ್ಣದ ನೀರು ಬ್ಯಾಡ. ಕಾಗಿಣಾದ್ದು ಹಾಕ್ರಿ."

ಕಾಗಿಣಾ ನೀರು ಅಂದರೆ ಸ್ಟೇಷನ್ನಿನ ಸೊಂಡಿಲಿನ ನೀರು. ಪ್ಲಾಟ್‌ಫಾರ್ಮಿನ ತುದಿ. ನಾನು ತಂದುಕೊಡುತ್ತಿದ್ದೆ, ಆದರೆ ಶಾಲೆಯ ಗಂಟೆ ಬಾರಿಸಿತ್ತು, ಆ ದಿನ ಪರೀಕ್ಷೆ. ಬಂದು ತರುತ್ತೇನೆ ಎಂದು ಹೇಳಿ ಓಡಿದೆ. ಅಪ್ಪ ರೊಟ್ಟಿಯ ಕೈ ತೊಳೆಯುವುದಕ್ಕೂ ಮೊದಲೇ ಕುಳಿತಲ್ಲೇ ಒರಗಿ ನಿದ್ದೆ ಹೋಗಿದ್ದ.

ಮಧ್ಯಾಹ್ನ ಹಳಿಗುಂಟ ಮನೆಗೆ ಬರುತ್ತಿದ್ದೆ. ಸೊಂಡಿಲಿನ ಕೆಳಗೆ ಒಂದು ಇಂಜಿನ್ ನಿಂತು ಉಸಿರು ಬಿಡುತ್ತಿತ್ತು. ಸುತ್ತ ನಾಲ್ಕು ಜನ ಕೂಡಿದ್ದರು. ಏನೋ ಅಪಘಾತ ಎಂದುಕೊಂಡು ಓಡಿದೆ. ನಡುವೆ ಕಾಕಾ ನಿಂತಿದ್ದ. ಬಲಗಂಕುಳಲ್ಲಿ ಊರುಗೋಲು, ಕೊರಳಿಗೆ ಹಗ್ಗದಿಂದ ಕಟ್ಟಿ ಎದೆಯ ಮೇಲೆ ಇಳಿಬಿಟ್ಟ ಮಣ್ಣಿನ ಗಡಿಗೆ, ಮೈಯೆಲ್ಲ ಬೆವರು. ಮನೆಯಿಂದ ಅಲ್ಲಿಗೆ ಒಬ್ಬನೇ ಬಂದಿದ್ದ. ಆಮೇಲೆ ಅವ್ವ ಹೇಳಿದಳು, ಮೀನು ಒಂದು ಪಕ್ಕಕ್ಕೆ ವಾಲಿತಂತೆ. ಹುಡುಗ ಬರುವ ತನಕ ಇರುವುದಿಲ್ಲ ಎಂದವನೇ ಎದ್ದನಂತೆ. ಅಪ್ಪನನ್ನು ಎಬ್ಬಿಸುತ್ತೇನೆ ಎಂದು ಅವ್ವ ಹೋದರೆ, "ಬ್ಯಾಡ ವೈನಿ, ಅವ ಈಗ ಮಲಗ್ಯಾನ," ಎಂದು ತಡೆದು, ಹೊಸ್ತಿಲು ದಾಟಿ ಹೋದನಂತೆ.

ದೀಪದ ಕೋಣೆಯ ಬಾಗಿಲಲ್ಲಿ ಖಾಜಾಸಾಬ ಎಣ್ಣೆಯ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಬಿಳಿ ಗಡ್ಡ, ತುಟಿಯ ಮೇಲೆ ನಗು.

"ಅರೇ ಸಾಯಬಣ್ಣಾ! ನೀನೂ ಇಂಜಿನ್ ಆಗೀದೇನು? ನೀರು ಕುಡೀಲಿಕ್ಕ ಬಂದೀದಿ!"

ಸುತ್ತಲಿನವರು ನಕ್ಕರು. ಕಾಕಾ ಇನ್ನು ಇಲ್ಲಿಂದ ತಿರುಗಿ ಹೋಗಿ ಮತ್ತೆ ಏಳುವುದಿಲ್ಲ ಎಂದುಕೊಂಡೆ. ಕಾಕಾ ಒಂದು ಕ್ಷಣ ಅವರನ್ನೆಲ್ಲ ನೋಡಿದ.

"ಹೌದ್ರಿ ಚಾಚಾ. ಒಂದು ಗಾಲಿ ಮುರದದ ನೋಡ್ರಿ. ಜರಾ ನಿಧಾನ ಗಾಡಿ."

ಆಮೇಲೆ ತಾನೂ ನಕ್ಕ. ಮುಂಬೈಗೆ ಹೋಗುವ ಮೊದಲಿನ ನಗು. ಗಡಿಗೆ ತುಂಬಿಕೊಟ್ಟರು. ನಾನು ಹಗ್ಗಕ್ಕೆ ಕೈ ಹಾಕಿದೆ. "ಬಿಡು, ನಾ ಒಯ್ತೀನಿ. ನೀ ಮುಂದ ಹೋಗಿ ಪೆಟಗ್ಯಾಗಿಂದ ಅರ್ಧ ತೆಗಿ," ಅಂದ. ಹಿಂದಿನಿಂದ ಖಾಜಾಸಾಬ ಕೂಗಿದ್ದು ಇಬ್ಬರಿಗೂ ಕೇಳಿಸಿತು: "ನಾಳೆ ಬರೇ ಕೈಲೆ ಬಾ. ಕೆಲಸ ಅದ."

ಮೀನು ಬದುಕಿತು. ತೆಗೆಯುತ್ತ, ಸಿಹಿನೀರು ಬೆರೆಸುತ್ತ, ಸ್ವಲ್ಪ ಸ್ವಲ್ಪವಾಗಿ ಸರಿ ಮಾಡಿದೆವು. ಹಳದಿ ಬಣ್ಣ ಮತ್ತೆ ಬಂತು. ಕಾಕಾ ದೀಪದ ಕೋಣೆಗೆ ಹೋದ. ಅವನಷ್ಟು ಚೊಕ್ಕಟವಾಗಿ ಗಾಜು ಒರೆಸುವವರು, ಬತ್ತಿ ಕತ್ತರಿಸುವವರು ಆ ಜಂಕ್ಷನ್ನಿನಲ್ಲಿ ಇರಲಿಲ್ಲ ಎಂದು ಖಾಜಾಸಾಬನೇ ಹೇಳುತ್ತಿದ್ದ. ಆದರೆ ಕೆಲಸ ಒರೆಸುವುದರಲ್ಲಿ ಮುಗಿಯುತ್ತಿರಲಿಲ್ಲ. ತುಂಬಿದ ದೀಪಗಳನ್ನು ಹೊತ್ತು ಸಿಗ್ನಲ್ ಕಂಬದ ಕಬ್ಬಿಣದ ಏಣಿ ಹತ್ತಿ ಮೇಲೆ ಇಟ್ಟು ಬರಬೇಕು, ಮುಂಜಾನೆ ಇಳಿಸಿ ತರಬೇಕು. ಖಾಜಾಸಾಬನಿಗೆ ವಯಸ್ಸಾಗಿತ್ತು, ಕಾಕಾನಿಗೆ ಏಣಿ ಹತ್ತುವ ಕಾಲಿರಲಿಲ್ಲ. ಇದು ಸಾಹೇಬರ ಕಿವಿಗೆ ಬಿದ್ದರೆ ಕೆಲಸ ಉಳಿಯುವುದಿಲ್ಲ. ಮನೆಯಲ್ಲಿ ಯಾರೂ ನನಗೆ ಏನೂ ಹೇಳಲಿಲ್ಲ. ಒಂದು ಸಂಜೆ ಕಾಕಾ ಕಂಬದ ಬುಡದಲ್ಲಿ ದೀಪ ಹಿಡಿದು ಮೇಲೆ ನೋಡುತ್ತ ನಿಂತಿದ್ದ. ನಾನು ಅವನ ಕೈಯಿಂದ ದೀಪ ತೆಗೆದುಕೊಂಡು ಹತ್ತಿದೆ. ಮರುದಿನ ಮುಂಜಾನೆ ಹತ್ತಿ ಇಳಿಸಿದೆ. ಕೆಳಗಿನ ಕೆಲಸ ಅವನದು, ಮೇಲಿನ ಕೆಲಸ ನನ್ನದು. ಕಂಬಗಳು ಒಂದರಿಂದ ಒಂದು ದೂರ. ಮುಂಜಾನೆ ದೀಪಗಳನ್ನು ಕೂಡಿಸಿ ತರುವಷ್ಟರಲ್ಲಿ ಶಾಲೆಯ ಪ್ರಾರ್ಥನೆ ಮುಗಿದಿರುತ್ತಿತ್ತು. ಮೊದಮೊದಲು ತಡವಾಗಿ ಹೋದೆ. ಸೀಮೆಎಣ್ಣೆ ನಾರುತ್ತಿದ್ದೆ, ಪಕ್ಕದ ಹುಡುಗ ಸರಿದು ಕೂಡುತ್ತಿದ್ದ. ಆಮೇಲೆ ದಿನ ಬಿಟ್ಟು ದಿನ ಹೋದೆ. ಆಮೇಲೆ ಹೋಗಲಿಲ್ಲ. ನನ್ನನ್ನು ಶಾಲೆ ಬಿಡಿಸಿದರು ಎಂದು ಯಾರಾದರೂ ಅಂದರೆ ನಾನು ಇವತ್ತಿಗೂ ಒಪ್ಪುವುದಿಲ್ಲ. ಯಾರೂ ಬಿಡಿಸಲಿಲ್ಲ, ನಾನು ಕೆಲಸಕ್ಕೆ ಹೋದೆ. ಕಂಬದ ತುದಿಯಲ್ಲಿ ನಿಂತರೆ ಕ್ವಾರ್ಟರ್ಸಿನ ಸಾಲು ಕಾಣುತ್ತಿತ್ತು, ಸಾಲಿನಲ್ಲಿ ನಮ್ಮ ಕಿಟಕಿ, ಕಿಟಕಿಯಲ್ಲಿ ಸಂಜೆಯ ಬಿಸಿಲಿಗೆ ಒಮ್ಮೆ ಮಿನುಗುವ ಗಾಜು. ಅಷ್ಟು ಎತ್ತರದಿಂದ ಅದು ಬಹಳ ಚೆಂದ ಕಾಣುತ್ತಿತ್ತು. ಕೆಳಗಿಳಿದು ಮನೆಗೆ ಹೋದರೆ ಅದಕ್ಕೆ ನೀರು ತೆಗೆಯಬೇಕು, ನೀರು ಹಾಕಬೇಕು, ಗಡಿಗೆ ತುಂಬಬೇಕು. ಕಾಕಾನಿಗೆ ಈಗ ಪುರುಸೊತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮೀನು ಸತ್ತಿತು. ಕಾರಣ ಗೊತ್ತಾಗಲಿಲ್ಲ. ಅದರ ಆಯುಷ್ಯವೇ ಅಷ್ಟಿತ್ತೋ ಏನೋ. ಆಯಿ ಅದನ್ನು ಹಿತ್ತಲಿನಲ್ಲಿ ಮಣ್ಣು ಮಾಡಿಸಿದಳು, ಮೀನನ್ನು ಮಣ್ಣು ಮಾಡಿದ್ದು ನಮ್ಮ ಮನೆತನದಲ್ಲಿ ಅದೇ ಮೊದಲು. ಶರಣಮ್ಮ ಬಂದು ತನ್ನ ಗಡಿಗೆ ಒಯ್ದಳು, ಹೋಗುವಾಗ ಕಣ್ಣು ಒರೆಸಿಕೊಂಡಳು. ಕಾಕಾ ಕೆಲಸದಿಂದ ಬಂದು ಖಾಲಿ ಪೆಟ್ಟಿಗೆ ನೋಡಿದ. ಅಳುತ್ತಾನೇನೋ ಎಂದು ಅವ್ವ ಹೆದರಿದ್ದಳು. ಅವನು ಅಳಲಿಲ್ಲ. ಪೆಟ್ಟಿಗೆಯನ್ನು ತಾನೇ ಎತ್ತಿ ಹಿತ್ತಲಿಗೆ ಇಳಿಸಿದ, ಒಂದು ಕೈಯಲ್ಲಿ ಊರುಗೋಲು ಹಿಡಿದುಕೊಂಡೇ ಕಿಟಕಿಯ ಕಟ್ಟೆಯನ್ನು ನೀರು ಹಾಕಿ ತಿಕ್ಕಿ ತೊಳೆದ. ಉಪ್ಪಿನ ಬಿಳಿಯ ಗೆರೆ ಮಾತ್ರ ಹೋಗಲಿಲ್ಲ, ಕಲ್ಲಿನೊಳಗೆ ಇಳಿದಿತ್ತು. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ನನ್ನ ಪಾಟಿ ಪುಸ್ತಕಗಳನ್ನು ಹುಡುಕಿ, ಧೂಳು ಒರೆಸಿ, ಕಟ್ಟೆಯ ಮೇಲೆ ಜೋಡಿಸಿಟ್ಟ.

"ತಗೋ ಮಲ್ಲ್ಯಾ, ನಿನ್ನ ಜಾಗ ನಿನಗ. ಕೂತು ಓದು."

ಅವನು ಸಂತೋಷದಿಂದ ಹೇಳಿದ. ಅವನ ಮುಖ ನೋಡಿ ನನಗೆ ಬೇರೆ ಏನೂ ಹೇಳಲಾಗಲಿಲ್ಲ. ಹತ್ತಿ ಕುಳಿತೆ. ನನ್ನ ಕಾಲು ಬೆಳೆದಿದ್ದವು, ಮೊದಲಿನ ಹಾಗೆ ಹಿಡಿಯಲಿಲ್ಲ. ಪುಸ್ತಕ ತೆರೆದೆ. ಕೈಯಿಂದ ಸೀಮೆಎಣ್ಣೆಯ ಕಲೆ ಹಾಳೆಗೆ ಹತ್ತಿತು. ಹೊರಗೆ ಇನ್ನೂ ಬೆಳಕಿತ್ತು, ದೀಪ ಏರಿಸುವ ಹೊತ್ತಿಗೆ ಸ್ವಲ್ಪ ಸಮಯವಿತ್ತು. ಕಲ್ಲಿಗೆ ತಲೆ ಆನಿಸಿದ್ದಷ್ಟೇ ಗೊತ್ತು. ಕಾಕಾ ಬಂದು ಭುಜ ಅಲುಗಿಸಿ, "ಏಳಪ್ಪಾ, ಹೊತ್ತಾತು, ದೀಪ ತುಂಬೀನಿ," ಅನ್ನುವ ತನಕ ಗಾಢ ನಿದ್ದೆ.